ಶಲ್ಯದ ಕೆಳಗೆ ಕೊಟ್ಟ ಕೈ

೧೯೫೭ನೇ ಇಸವಿ ಜನವರಿ ೧೭, ಬೆಳಿಗ್ಗೆ ಆರೂವರೆ ಗಂಟೆ. ಯಾದಗಿರಿಯ ಮೋಟಾರು ನಿಲ್ದಾಣದಲ್ಲಿ ಅಪ್ಪನೂ ನಾನೂ ಶಹಾಪುರದ ಬಸ್ಸಿಗಾಗಿ ಕಾಯುತ್ತಿದ್ದೆವು. ಚಳಿ ಜೋರಾಗಿತ್ತು. ಬಂದ ಬಸ್ಸಿನ ಮೈಮೇಲೆ ಹಳೆಯ ರಾಜ್ಯದ ಹೆಸರಿಗೆ ಬಣ್ಣ ಬಳಿದು ಮುಚ್ಚಿದ್ದರು; ಹೊಸ ಹೆಸರನ್ನು ಇನ್ನೂ ಬರೆದಿರಲಿಲ್ಲ. ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರಿಗೆ ಸೇರಿ ಎರಡೂವರೆ ತಿಂಗಳಾಗಿತ್ತು.

ನಾನು ಹೊರಟ ಕಾರಣವನ್ನು ಮೊದಲು ಹೇಳಬೇಕು. ನನಗೆ ಆಗ ಹತ್ತೊಂಬತ್ತು. ನಮ್ಮದು ಕುರಿ ಸಾಕುವ ಮನೆ. ಮೆಟ್ರಿಕ್ ಪಾಸು ಮಾಡಿದ್ದು ಉರ್ದುವಿನಲ್ಲಿ. ಕನ್ನಡ ಬರೆಯುವುದನ್ನು ಮಠದ ಅಯ್ಯನವರ ಬಳಿ ಸಂಜೆ ಹೊತ್ತು ಕಲಿತಿದ್ದೆ. ನನಗೆ ಎರಡು ಕಡೆಯಿಂದ ಕರೆ ಬಂದಿತ್ತು. ಒಂದು, ದೋರನಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಸ್ತರಿಕೆ. ಅದನ್ನು ಗೊತ್ತುಮಾಡಿದವರು ಶಹಾಪುರದ ಕಚೇರಿಯಲ್ಲಿ ಗುಮಾಸ್ತರಾಗಿರುವ ನನ್ನ ಸೋದರಮಾವ. ಇಪ್ಪತ್ತೊಂದನೇ ತಾರೀಖು ಹಾಜರಾಗಬೇಕಿತ್ತು. ಇನ್ನೊಂದು ಕರೆ ಸುರಪುರದ ಕುರಿ ಸಂತೆಯ ದಲಾಲ ಖಾಸಿಂಸಾಬರದು. "ಮಾಳಪ್ಪನ್ನ ನನ್ನ ಬಲ್ಲಿ ಕಳಸು, ಧಂದೆ ಕಲಸ್ತೀನಿ" ಎಂದು ಅಪ್ಪನಿಗೆ ಹೇಳಿಕಳಿಸಿದ್ದರು. ಖಾಸಿಂಸಾಬರು ನಮ್ಮ ಮನೆಯ ಕುರಿಗಳನ್ನು ಹದಿನೆಂಟು ವರ್ಷದಿಂದ ಮಾರಿಸಿಕೊಡುತ್ತಿದ್ದರು. ಆ ಹದಿನೆಂಟು ವರ್ಷವೂ ಅಪ್ಪ ಅವರನ್ನು ನಂಬಿರಲಿಲ್ಲ.

"ಅವ ಯಾಕ ಕರೀತಾನ ನೋಡಿಕೊಂಡು ಬಾ," ಎಂದ ಅಪ್ಪ. "ಚಾ ಕುಡಿ, ರೊಟ್ಟಿ ತಿನ್ನು. ಮಾತು ಕೊಡಬ್ಯಾಡ."

"ಹಂಗಾದ್ರ ಮಾಸ್ತರಕಿಗೆ ಹೋಗ್ಲೇನಪ್ಪಾ?"

"ನಾ ಏನ್ ಹೇಳ್ಲಿ. ಓದಿದಾವ ನೀನು."

ಹಿಂದಿನ ಆರು ತಿಂಗಳಲ್ಲಿ ನಾನು ಏನು ಮಾಡಲಿ ಎಂದು ಏಳು ಮಂದಿಯನ್ನು ಕೇಳಿದ್ದೆ. ಐವರು ಮಾಸ್ತರಿಕೆ ಎಂದರು, ಒಬ್ಬ ರೈಲ್ವೆ ಎಂದ. ಏನನ್ನೂ ಹೇಳದವನು ಅಪ್ಪ ಒಬ್ಬನೇ. ಇಷ್ಟು ದಿನ ಕುರಿಯ ವ್ಯವಹಾರವೆಲ್ಲ ತನ್ನದೇ ಎಂದು ನಡೆಸಿದವನು ನನ್ನ ವಿಷಯಕ್ಕೆ ಮಾತ್ರ ಹೀಗೆ ಜಾರಿಕೊಳ್ಳುವುದು ಯಾಕೆಂದು ನನಗೆ ಸಂಶಯವಿತ್ತು. ಬಸ್ಸು ಹೊರಟಾಗ ಅವನು ಕೈ ಎತ್ತಲಿಲ್ಲ. ಬಸ್ಸಿನ ಗಾಲಿಗಳನ್ನೇ ನೋಡುತ್ತಿದ್ದ.

ಶಹಾಪುರಕ್ಕೆ ಸುಮಾರು ಇಪ್ಪತ್ತೆರಡು ಮೈಲಿ. ಟಿಕೀಟಿಗೆ ಕೊಟ್ಟ ರೂಪಾಯಿಯನ್ನು ಕಂಡಕ್ಟರ್ ಎರಡೂ ಮಗ್ಗುಲು ತಿರುಗಿಸಿ ನೋಡಿದ. ನಿಜಾಮರ ಕಾಲದ ನಾಣ್ಯವನ್ನು ಯಾರಾದರೂ ಸೇರಿಸಿಬಿಡುತ್ತಾರೆಂಬ ಭಯ ಅವನಿಗೆ. ಭೀಮೆಯಲ್ಲಿ ನೀರು ತಗ್ಗಿ ಬಂಡೆಗಳು ಎದ್ದಿದ್ದವು. ಅದನ್ನು ದಾಟಿದರೆ ಎರಡೂ ಕಡೆ ಬಿಳಿಜೋಳ, ನಡುನಡುವೆ ಹತ್ತಿ. ಯಾವುದೋ ಹೊಲದಲ್ಲಿ ಸೀತನಿಗೆಂದು ಎಳೆ ಜೋಳದ ತೆನೆ ಸುಡುತ್ತಿದ್ದ ವಾಸನೆ ಬಸ್ಸಿನೊಳಗೂ ಬಂತು.

ದೋರನಹಳ್ಳಿಯಲ್ಲಿ ಇಂಜಿನ್ನು ಕಾದು ಬಸ್ಸು ನಿಂತಿತು. ಅದು ಆರುವ ತನಕ ನನ್ನ ಶಾಲೆಯಾಗಬಹುದಾದ ಜಾಗವನ್ನು ನೋಡಿಬರಲು ಹೋದೆ. ಊರ ಚಾವಡಿಯಲ್ಲಿ ಮೂವತ್ತೊಂದು ಮಕ್ಕಳು ಕುಳಿತಿದ್ದರು. ಕಪ್ಪು ಹಲಗೆಯ ಅರ್ಧದಲ್ಲಿ ಉರ್ದು ಅಕ್ಷರ, ಉಳಿದರ್ಧ ಖಾಲಿ. ಶೇರವಾನಿ ತೊಟ್ಟ ನಡುವಯಸ್ಸಿನ ಮಾಸ್ತರರು ನನ್ನ ಕೋಟನ್ನೂ ಜೇಬಿನ ಪುಸ್ತಕವನ್ನೂ ನೋಡಿ ಎದ್ದು ನಿಂತರು.

"ತಪಾಸಣಿಗಿ ಬಂದೀರೇನ್ರಿ?"

"ಇಲ್ರಿ. ಬಸ್ಸು ನಿಂತದ, ಸಾಲಿ ನೋಡಾಕ ಬಂದೆ."

"ಸಾಲಿ ನೋಡಾಕ ಯಾರೂ ಬರಂಗಿಲ್ಲ ಬಿಡ್ರಿ. ಇಪ್ಪತ್ತೊಂದಕ್ಕ ಬರೋ ಹೊಸ ಮಾಸ್ತರ ನೀವೇ ಹೌದಿಲ್ಲೋ?"

ಇನ್ನೂ ಗೊತ್ತಿಲ್ಲ ಎಂದೆ. ಅವರು ನಂಬಲಿಲ್ಲ. ಸುಣ್ಣದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, "ಬರೀರಿ, ನಿಮ್ಮ ಅಕ್ಷರನಾದ್ರೂ ನೋಡೋಣು" ಎಂದರು. ಖಾಲಿ ಅರ್ಧದಲ್ಲಿ 'ಕುರಿ' ಎಂದು ಬರೆದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಡವರಿಸಿ ಓದಿಬಿಟ್ಟಳು. ನನಗೆ ಸಂತೋಷವಾಯಿತು. ಆದರೆ ಎರಡಕ್ಷರದ ಸಂತೋಷವನ್ನು ಮೂವತ್ತು ವರ್ಷದ ನೌಕರಿಗೆ ಹಂಚಿದರೆ ಎಷ್ಟು ಉಳಿದೀತು ಎಂದೂ ಕೂಡಲೇ ಅನಿಸಿತು. ಹೊರಗೆ ಬರುವಾಗ ಮಾಸ್ತರರು ಮೆಟ್ಟಿಲ ತನಕ ಬಂದು ದನಿ ತಗ್ಗಿಸಿದರು: "ನೀವು ಬಂದ್ರ ನನ್ನ ಯಾವ ಊರಿಗೆ ಒಗೀತಾರ, ಕಚೇರ್ಯಾಗ ಕೇಳಿ ಹೇಳ್ರಿ. ಪುಣ್ಯ ಬರತದ."

ಶಹಾಪುರ ತಲುಪಿದಾಗ ಹತ್ತೂಮುಕ್ಕಾಲು. ಮಲಗಿದ ಮನುಷ್ಯನಂತೆ ಕಾಣುವ ಊರ ಗುಡ್ಡದ ಮೇಲೆ ಬಿಸಿಲು ಏರಿತ್ತು. ಮಾವ ಕಚೇರಿ ಮುಗಿಸಿ ಸಂಜೆ ಮನೆಗೆ ಬಂದವರು ಅಗುಳಿ ಹಾಕಿದ ಮೇಲೆಯೇ ಮಾತು ಶುರು ಮಾಡಿದರು.

"ಖಾಸಿಂಸಾಬ ನಿನ್ನ ಯಾಕ ಕರದಾನ ಗೊತ್ತದ ಏನು? ಸಂತ್ಯಾಗ ಹೊಸ ಕಾಯದೆ ಬರತದಂತ ಮಾತದ. ಕುರಿ ರೇಟು ಬಾಯಿಲೆ ಕೂಗಬೇಕು, ಪಾವತಿ ಕನ್ನಡದಾಗ ಬರೀಬೇಕು. ಅವಗ ಕನ್ನಡ ಅಕ್ಷರ ಬರಂಗಿಲ್ಲ. ಪರವಾನಗಿ ನಿನ್ನ ಹೆಸರಿಲೆ ತಗೊಂಡು ತಾ ಹಿಂದ ಕುಂಡ್ರತಾನ. ನಾಳೆ ಏನರ ಹೆಚ್ಚುಕಮ್ಮಿ ಆತಂದ್ರ ಪೊಲೀಸರು ಬರೋದು ನಿನ್ನ ಮನೀಗೆ."

ಇದು ನನಗೆ ಹೊಳೆದಿರಲಿಲ್ಲ. ದೋರನಹಳ್ಳಿಯ ಮಾಸ್ತರರನ್ನು ಎಲ್ಲಿಗೆ ಹಾಕುತ್ತಾರೆಂದು ಕೇಳಿದೆ. "ಅದನ್ನೆಲ್ಲ ನೀ ಯಾಕ ತಲಿಗೆ ಹಚ್ಚಿಕೊಂತಿ?" ಎಂದರು ಮಾವ. ಅತ್ತೆ ಹೋಳಿಗೆಯ ಮೇಲೆ ಮೂರನೆಯ ಸಲ ತುಪ್ಪ ಹಾಕಿದಾಗ ನನಗೆ ಬೇರೊಂದು ಅನುಮಾನ ಹುಟ್ಟಿತು. ಅವರಿಗೆ ಮದುವೆಗೆ ಬಂದ ಮಗಳಿದ್ದಾಳೆ. ನಮ್ಮಲ್ಲಿ ಅಕ್ಕನ ಮಗನಿಗೆ ಸೋದರಮಾವನ ಮಗಳನ್ನು ಕೊಡುವುದು ಹೊಸದಲ್ಲ. ಮಾಸ್ತರಿಕೆಗಾಗಿ ಮಾವ ಇಷ್ಟು ಓಡಾಡಿದ್ದು ನನ್ನ ಸಲುವಾಗಿಯೋ, ಅಳಿಯನ ಸಲುವಾಗಿಯೋ ತಿಳಿಯದೆ, ಬಡಿಸಿದ್ದನ್ನು ಉಂಡು ಮಲಗಿದೆ.

ಹದಿನೆಂಟರಂದು ಮಧ್ಯಾಹ್ನದ ಬಸ್ಸಿಗೆ ಸುರಪುರ, ಸುಮಾರು ಹದಿನೈದು ಮೈಲಿ. ಊರಿನ ಗುಡ್ಡ ಮೊದಲು ಕಾಣುತ್ತದೆ, ಮನೆಗಳು ಆಮೇಲೆ. ಖಾಸಿಂಸಾಬರ ಮನೆ ತೋರಿಸಿ ಎಂದಾಗ ಮೊದಲ ಇಬ್ಬರು ಯಾಕೆ, ಯಾರು, ಎಲ್ಲಿಯವ ಎಂದು ಕೇಳಿ ಮುಂದೆ ಹೋದರು. ಮೂರನೆಯವಳು, ತಲೆಯ ಮೇಲೆ ಕೊಡ ಹೊತ್ತ ಮುದುಕಿ, ಮಾತಾಡದೆ ಗದ್ದದಿಂದ ಬಾಗಿಲು ತೋರಿಸಿದಳು.

ಅರವತ್ತು ದಾಟಿದ, ಸಣಕಲು ಮೈಯ ಮನುಷ್ಯ. ಹೆಗಲ ಮೇಲೆ ಹಸಿರು ಚೌಕಳಿಯ ಶಲ್ಯ. ನಾನು ನಮಸ್ಕಾರ ಹೇಳುವ ಮೊದಲೇ, "ನಿಮ್ಮಪ್ಪ ಏನಂದ ಬೇಟಾ? ಖಾಸಿಂಸಾಬ ಕಳ್ಳ ಅಂದಿರಬೇಕು" ಎಂದರು.

ನಾನು ಚಪ್ಪಲಿ ಕಳಚಿದೆ.

"ಹದಿನೆಂಟು ವರ್ಷ ಆತು, ಅದನ್ನೇ ಅಂತಾನ. ಕುರಿ ಮಾತ್ರ ನನ್ನ ಬಲ್ಲೀನೇ ತರ್ತಾನ. ಬ್ಯಾರೆ ದಲಾಲ್ರು ಸತ್ತಾರೇನು?"

ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಂತು. "ಪಕ್ಕದ ಓಣ್ಯಾಗ ನಿಮ್ಮವರ ಮನ್ಯಾಗ ಮಾಡಿಸೀನಿ, ಅನುಮಾನ ಬ್ಯಾಡ" ಎಂದರು. ಅನುಮಾನ ಬಂತು, ಆದರೆ ಹಸಿವೂ ಇತ್ತು. ನನ್ನನ್ನು ಯಾಕೆ ಕರೆದಿರಿ ಎಂದು ಕೇಳಿದ್ದಕ್ಕೆ, "ಮುಂಜಾಲಿ ಸಂತಿ ನೋಡು, ಅಮ್ಯಾಲ ಕೇಳು" ಎಂದು ತಟ್ಟೆ ಎತ್ತಿಕೊಂಡು ಹೋದರು.

ಹತ್ತೊಂಬತ್ತನೇ ತಾರೀಖು ಸಂತೆ. ಏಳು ಗಂಟೆಗೆಲ್ಲ ಮೈದಾನದ ತುಂಬ ಕುರಿ, ಧೂಳು, ಕಂಬಳಿ. ಈ ಕಡೆಯವರಲ್ಲದವರಿಗೆ ಹೊಸದಾಗಿರಬಹುದಾದ ಒಂದು ಪದ್ಧತಿಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಈ ಸಂತೆಯಲ್ಲಿ ಕುರಿಯ ದರವನ್ನು ಯಾರೂ ಬಾಯಿಂದ ಆಡುವುದಿಲ್ಲ. ದಲಾಲ ತನ್ನ ಶಲ್ಯವನ್ನು ಕೊಳ್ಳುವವನ ಕೈಯ ಮೇಲೆ ಹಾಕಿ, ಅದರ ಕೆಳಗೆ ಅವನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಕೈ ಹಿಡಿದರೆ ಐದು. ಆಮೇಲೆ ಮಾರುವವನ ಬಳಿ ಬಂದು ಅವನ ಕೈಯ ಮೇಲೂ ಶಲ್ಯ ಹಾಕುತ್ತಾನೆ. ಹೀಗೆ ನಾಲ್ಕೈದು ಸಲ ತಿರುಗಿ ಕೊನೆಗೆ ಶಲ್ಯವನ್ನು ಹೆಗಲಿಗೆ ಎಸೆದು ಅಡಿಕೆ ಕೊಟ್ಟರೆ ವ್ಯಾಪಾರ ಆದಂತೆ. ಕೊಳ್ಳುವವನು ಒಪ್ಪಿದ್ದೆಷ್ಟು, ಮಾರುವವನಿಗೆ ತಿಳಿಸಿದ್ದೆಷ್ಟು, ಇವೆರಡೂ ಒಟ್ಟಿಗೆ ಗೊತ್ತಿರುವುದು ದಲಾಲನಿಗೆ ಮಾತ್ರ. ಅಪ್ಪ ಹದಿನೆಂಟು ವರ್ಷದಿಂದ ಕೊರಗುತ್ತಿದ್ದದ್ದು ಈ ಎರಡು ಕೈಗಳ ನಡುವಿನ ಜಾಗದ ಬಗ್ಗೆ.

ನಾನೂ ಆ ಜಾಗವನ್ನೇ ನೋಡುತ್ತ ನಿಂತೆ. ಖಾಸಿಂಸಾಬರು ನಡುನಡುವೆ ನನ್ನ ಕೈಯನ್ನೂ ಶಲ್ಯದ ಕೆಳಗೆ ಎಳೆದು ಲೆಕ್ಕ ಕಲಿಸುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ನನಗೆ ಎಲ್ಲ ಅಂಕಿಗಳೂ ಬಂದವು. ಅವರ ಮೊಣಕೈ ಅಲುಗಾಡುವ ರೀತಿಯಿಂದ ಅಂಕಿಯನ್ನು ಊಹಿಸಲು ನೋಡಿದೆ, ಸಾಧ್ಯವಾಗಲಿಲ್ಲ. ಆಗಷ್ಟೇ ಎರಡು ಕುರಿ ಮಾರಿದ್ದ ಯಲ್ಲವ್ವ ಎಂಬ ಹೆಂಗಸನ್ನು ಬದಿಗೆ ಕರೆದು, "ಎಷ್ಟಕ್ಕ ಹೋದವು ಯವ್ವಾ?" ಎಂದು ಮೆಲ್ಲಗೆ ಕೇಳಿದೆ. ಕೊಂಡವನನ್ನೂ ಕೇಳಿ ತಾಳೆ ನೋಡುವುದು ನನ್ನ ಯೋಚನೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲಿ ಬೇವಿನ ಗಿಡದ ಕೆಳಗ ಕೆಂಪು ರುಮಾಲ ಸುತ್ತಿಕೊಂಡು ನಿಂತಾನಲ್ಲ, ಅವ ನಮ್ಮ ಭಾವ. ಅವ ಕಳಿಸ್ಯಾನೇನು ನಿನ್ನ?"

"ಇಲ್ಲಬೇ. ಖಾಸಿಂಸಾಬರು ನಿನಗ ಕಮ್ಮಿ ಕೊಟ್ಟಿದ್ರ ಗೊತ್ತಾಗಲಿ ಅಂತ."

"ಅವ ಕಮ್ಮಿ ಕೊಟ್ರ ಒಂದಿಷ್ಟು ಹೋಗತದ. ಭಾವಗ ಗೊತ್ತಾದ್ರ ಎಲ್ಲಾ ಹೋಗತದ. ಶಲ್ಯ ಇರೋದು ಯಾತಕ್ಕಂತ ತಿಳಿದಿ? ನಡಿ, ನಡಿ, ಬಾಳ ಶಾಣ್ಯಾ ಆಗ್ಯಾನ."

ನಾನು ಅಲ್ಲಿಂದ ಸರಿದೆ. ಅಂಕಿ ಸಿಗಲಿಲ್ಲ, ಶಲ್ಯದ ಬಗ್ಗೆ ನಾನು ತಿಳಿದದ್ದು ಅರ್ಧವೇ ಎಂಬುದು ಸಿಕ್ಕಿತು.

ಹನ್ನೊಂದರ ಸುಮಾರಿಗೆ ಹೈದರಾಬಾದಿನಿಂದ ಬಂದ ಒಬ್ಬ ಸೇಠ್ ಇಪ್ಪತ್ತು ಟಗರುಗಳ ಒಂದು ಹಿಂಡನ್ನು ಮೆಚ್ಚಿದರು. ಹೊಟ್ಟೆ ಉಬ್ಬಿ ನಗಾರಿಯಂತೆ ಕಾಣುತ್ತಿದ್ದ ಟಗರುಗಳು. ನನಗೆ ಯಾಕೋ ಸರಿಕಾಣಲಿಲ್ಲ. ಒಂದರ ನಡುವಿನ ಮೇಲೆ ಕೈ ಇಟ್ಟು ನೋಡಿದೆ. ಬೆನ್ನುಮೂಳೆ ಬೆರಳಿಗೆ ಚುಚ್ಚಿತು. ಇನ್ನೊಂದನ್ನು ನೋಡಿದೆ, ಅದೂ ಹಾಗೆಯೇ. ರಾತ್ರಿ ಉಪ್ಪು ನೆಕ್ಕಿಸಿ, ಬೆಳಿಗ್ಗೆ ನೀರು ಕುಡಿಸಿ ತಂದಿದ್ದಾರೆ. ಇದನ್ನು ಕುರಿ ಹಟ್ಟಿಯಲ್ಲಿ ಬೆಳೆದವನಿಗೆ ಯಾರೂ ಕಲಿಸಬೇಕಿಲ್ಲ. ಖಾಸಿಂಸಾಬರ ಕಿವಿಯಲ್ಲಿ ಹೇಳಿದೆ.

ಅವರು ಸೇಠ್ ಕಡೆ ತಿರುಗಿ, "ಇದು ಬ್ಯಾಡ ಸೇಠ್, ಆ ಕಡೀದು ತೋರಸ್ತೀನಿ" ಎಂದರು. ಮಾರಲು ಬಂದವನು ಬೈದುಕೊಂಡ. ತಮ್ಮ ದಲಾಲಿಯೂ ಹೋಯಿತೆಂದು ಖಾಸಿಂಸಾಬರು ಬೇಸರ ಮಾಡಿಕೊಳ್ಳಲಿಲ್ಲ. ಅದು ಪ್ರಾಮಾಣಿಕತೆಯೋ, ನನ್ನ ಮುಂದೆ ತೋರಿಕೆಯೋ ಎಂದು ಅಲ್ಲೇ ಯೋಚಿಸಿದೆ. ಆದರೂ ಆ ಹೊತ್ತಿನ ನಂತರ ನನ್ನ ನಡಿಗೆ ಬದಲಾಗಿತ್ತು. ಆ ಕಡೆಯ ಹಿಂಡಿನ ಒಂದೊಂದು ಟಗರಿನ ಹಲ್ಲನ್ನೂ ನಡುವನ್ನೂ ಯಾರೂ ಹೇಳದೆ ನಾನೇ ಮುಟ್ಟಿ ನೋಡಿದೆ. ಆರು ತಿಂಗಳಲ್ಲಿ ಮೊದಲ ಸಲ ಊಟದ ಹೊತ್ತು ಮೀರಿದ್ದು ತಿಳಿಯಲಿಲ್ಲ.

ಸಂತೆ ಕರಗುವಾಗ ಆದದ್ದು ಇದು. ಕೊನೆಗೆ ಮೂರು ಟಗರು ಉಳಿದಿದ್ದವು, ಅವೂ ಹೋದವು. ಸೇಠ್, ಯಂಕಪ್ಪ ಎಂಬ ಕುರಿಗಾರ, ಖಾಸಿಂಸಾಬರು, ನಾನು, ಹೀಗೆ ನಾಲ್ವರು ನಿಂತಿದ್ದೆವು. ಖಾಸಿಂಸಾಬರು ಮತ್ತೆ ಶಲ್ಯವನ್ನು ನನ್ನ ಕೈಯ ಮೇಲೆ ಹಾಕಿದರು. ಎರಡು ಬೆರಳಿನಿಂದ ನನ್ನ ಮಣಿಕಟ್ಟನ್ನು ಒತ್ತಿ, ತಮ್ಮ ಅಂಗೈಯನ್ನು ನನ್ನ ಅಂಗೈಯ ಕೆಳಗೆ ಬಿಚ್ಚಿಟ್ಟರು. ಈ ಗುರುತನ್ನು ಅವರು ಬೆಳಿಗ್ಗೆಯಿಂದ ಕಲಿಸಿರಲಿಲ್ಲ. ಪಾಠ ಒಪ್ಪಿಸು ಎನ್ನುತ್ತಿದ್ದಾರೆ, ಕೊನೆಯಲ್ಲಿ ಎಷ್ಟು ಟಗರು ಹೋದವೆಂದು ಕೇಳುತ್ತಿದ್ದಾರೆ ಎಂದುಕೊಂಡು ನನ್ನ ಮೂರು ಬೆರಳನ್ನು ಅವರ ಅಂಗೈಗೆ ಕೊಟ್ಟೆ. ಶಲ್ಯ ಹೆಗಲಿಗೆ ಹೋಯಿತು. ನನ್ನ ಅಂಗೈಯಲ್ಲಿ ಒಂದು ಅಡಿಕೆ ಕುಳಿತಿತ್ತು.

"ಸೌದಾ ಆತು," ಎಂದ ಯಂಕಪ್ಪ.

"ಏನ್ ಸೌದಾ?"

"ಮೂರು ವರ್ಷ ಖಾಸಿಂ ಕಾಕಾನ ಬಲ್ಲಿ ಇರತೀನಂತ ಒಪ್ಪಿದೆಲ್ಲೋ. ಪಗಾರ ಕೇಳಬೇಕಿತ್ತಲೇ ಮೊದಲ, ಮೆಟ್ರಿಕ್ ಪಾಸ ಆಗಿ ಇಷ್ಟೂ ಗೊತ್ತಿಲ್ಲೇನು?" ಸೇಠ್ ಕೂಡ ನಕ್ಕರು. ಖಾಸಿಂಸಾಬರು ನಗಲಿಲ್ಲ, ಇಲ್ಲ ಎನ್ನಲೂ ಇಲ್ಲ.

ನಾನು ಒಬ್ಬನೇ ಗುಡ್ಡದ ಕಡೆ ನಡೆದೆ. ಮೂರು ವರ್ಷ. ಇಪ್ಪತ್ತೊಂದಕ್ಕೆ ಹಾಜರಾಗದಿದ್ದರೆ ಮಾಸ್ತರಿಕೆ ಇನ್ನೊಬ್ಬನಿಗೆ ಹೋಗುತ್ತದೆ. ಸೌದಾ ಮುರಿದರೆ ಈ ಸಂತೆಯಲ್ಲಿ ಅಪ್ಪನ ಕುರಿಗಳಿಗೆ ಯಾರು ಕೈ ಕೊಟ್ಟಾರು? ಮಾತು ಕೊಡಬೇಡ ಎಂದು ಅಪ್ಪ ಹೇಳಿದ್ದ. ಬಾಯಿ ಮುಚ್ಚಿಕೊಂಡೇ ಇದ್ದೆ, ಕೊಟ್ಟದ್ದು ಕೈ. ಇದೆಲ್ಲ ಅಪ್ಪನಿಗೆ ಮೊದಲೇ ಗೊತ್ತಿತ್ತೇ ಎಂಬ ಅನುಮಾನವೂ ಆ ಗುಡ್ಡದ ಮೇಲೆಯೇ ಹುಟ್ಟಿತು.

ಸಂಜೆ ಮನೆಗೆ ಹೋಗಿ ನೇರವಾಗಿ ಕೇಳಿದೆ. "ಕಾಕಾ, ನನ್ನ ಹೆಸರಿಲೆ ಪರವಾನಗಿ ತಗೋತೀರೇನ್ರಿ?"

"ಹೌದು. ನಿಮ್ಮ ಮಾವ ಹೇಳ್ಯಾನೇನು? ಖರೇ ಹೇಳ್ಯಾನ." ಖಾಸಿಂಸಾಬರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು. "ಕಾಯದೆ ಬಂತಂದ್ರ ಈ ಶಲ್ಯ ಹೋಗತದ ಬೇಟಾ. ಅಮ್ಯಾಲ ಕಾಗದ ಹಿಡಕೊಂಡು ಜಗಳಾಡಾವ ಒಬ್ಬ ಬೇಕು. ನನಗ ಬರಂಗಿಲ್ಲ."

"ನಾನೇ ಯಾಕ್ರಿ?"

"ನಿಮ್ಮಪ್ಪ ಒಮ್ಮೆ ಮಂದ್ಯಾಗ ಹೇಳಿದ. ನನ್ನ ಮಗ ಯಾರನ್ನೂ ನಂಬಂಗಿಲ್ಲ, ಊಟಕ್ಕ ಕುಂತ್ರ ಅವ್ವ ಹಾಕಿದ ರೊಟ್ಟೀನೂ ಎಣಸ್ತಾನಂತ. ಆವತ್ತೇ ನಿನ್ನ ಮ್ಯಾಲ ಕಣ್ಣ ಹಾಕಿದೆ."

"ನಿಮ್ಮನ್ನೂ ನಂಬಿಲ್ರಿ ನಾ."

"ಕಂಡೀನಿ ತಗೋ. ಯಲ್ಲವ್ವನ ಕೇಳಾಕ ಹೋಗಿದ್ದೆಲ್ಲ."

ಮಾವ ಹೇಳಿದ್ದು ನಿಜವೇ ಆಗಿತ್ತು. ಅದನ್ನು ಇವರೇ ಒಪ್ಪಿಕೊಂಡ ಮೇಲೆ ನನ್ನ ಅನುಮಾನಕ್ಕೆ ಕಾಲೂರಲು ಜಾಗವಿಲ್ಲದಂತಾಯಿತು. ಸೌದಾ ಮುರಿಯಬಹುದೇ ಎಂದು ಕೇಳಿದೆ. ಮುರಿಯಬಹುದು, ಆದರೆ ಬಾಯಿಂದಲ್ಲ ಎಂದರು. ಮರುದಿನ ಅದೇ ಇಬ್ಬರು ಸಾಕ್ಷಿಗಳ ಮುಂದೆ, ಅದೇ ಶಲ್ಯದ ಕೆಳಗೆ, ಕೊಟ್ಟ ಬೆರಳುಗಳನ್ನು ವಾಪಸು ತೆಗೆದುಕೊಳ್ಳಬೇಕು. ಆಗ ಯಾರಿಗೂ ಬೇಸರವಿಲ್ಲ, ಅಪ್ಪನ ಕುರಿಗೂ ತೊಂದರೆಯಿಲ್ಲ.

ಇಪ್ಪತ್ತರಂದು ಬೆಳಿಗ್ಗೆ ಯಂಕಪ್ಪ ಬಂದ. ಹೈದರಾಬಾದಿಗೆ ಲಾರಿ ಹೊರಡಿಸುವ ಗಡಿಬಿಡಿಯಲ್ಲಿದ್ದ ಸೇಠ್ ಕೂಡ ಬಂದರು. ಖಾಸಿಂಸಾಬರು ಶಲ್ಯ ಹಾಕಿದರು. ನನ್ನ ಮೂರು ಬೆರಳು ಅವರ ಕೈಯಲ್ಲಿದ್ದವು. ಅವರು ನನ್ನ ಮುಖ ನೋಡಲಿಲ್ಲ, ಗೋಡೆ ನೋಡುತ್ತಿದ್ದರು. ಸಾಕ್ಷಿಗಳಿಗೆ ಕಾಣುತ್ತಿದ್ದದ್ದು ಹಸಿರು ಚೌಕಳಿ ಮಾತ್ರ. ಏಳು ಮಂದಿಯನ್ನು ಕೇಳಿ ಬಂದವನು ನಾನು. ಅವರಲ್ಲಿ ಯಾರಿಗೂ ಈಗ ನನ್ನ ಕೈ ಕಾಣುವಂತಿರಲಿಲ್ಲ. ಮೂರನ್ನೂ ಬಿಡಿಸಿಕೊಳ್ಳಬೇಕೆಂದೇ ರಾತ್ರಿ ನಿಶ್ಚಯಿಸಿದ್ದೆ. ಒಂದನ್ನು ಬಿಡಿಸಿಕೊಂಡೆ. ಎರಡನೆಯದನ್ನೂ ಬಿಡಿಸಿಕೊಂಡೆ. ತೋರುಬೆರಳನ್ನು ಬಿಡಿಸಿಕೊಳ್ಳಲಿಲ್ಲ. ಆ ಎರಡು ಕೈಗಳ ನಡುವೆ ಏನಾಗುತ್ತದೆಂದು ಒಂದು ವರ್ಷ ನಿಂತು ನೋಡದೆ ಹೋದರೆ, ಮೂವತ್ತು ವರ್ಷ ಮಾಸ್ತರನಾಗಿ ಕುಳಿತರೂ ಅದನ್ನೇ ಯೋಚಿಸುತ್ತೇನೆ ಅನಿಸಿತು. ದೋರನಹಳ್ಳಿಯ ಮಾಸ್ತರರ ಜಾಗ ಉಳಿಯಲೆಂದು ಹೀಗೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಗ ಅವರ ನೆನಪು ಬರಲಿಲ್ಲ.

ಖಾಸಿಂಸಾಬರು ಆ ಬೆರಳನ್ನು ಒಮ್ಮೆ ಒತ್ತಿ ಬಿಟ್ಟರು. ಎಷ್ಟಾಯಿತೆಂದು ಯಂಕಪ್ಪ ಕೇಳಲಿಲ್ಲ. ಪಗಾರದ ಮಾತನ್ನು ಮಾತ್ರ ನಾನು ಬಾಯಿಂದಲೇ ಆಡಿದೆ, ಸಾಕ್ಷಿಗಳ ಮುಂದೆ.

ಹತ್ತು ಗಂಟೆಯ ಬಸ್ಸಿಗೆ ಹೊರಟೆ. ಶಹಾಪುರದಲ್ಲಿ ಇಳಿದು ಮಾವನಿಗೆ ಹೇಳಿದೆ. ಅವರು ಎರಡು ನಿಮಿಷ ಬೈದರು. ಅತ್ತೆ ಚಹಾ ಕೊಟ್ಟರು. ಯಾದಗಿರಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕೋಟೆಯ ಗುಡ್ಡ ಕಪ್ಪಾಗಿತ್ತು. ಅಪ್ಪ ಹಟ್ಟಿಯಲ್ಲಿ ಮರಿಗಳನ್ನು ತಾಯಿಗೆ ಬಿಡುತ್ತಿದ್ದ.

"ಮಾತು ಕೊಟ್ಟೇನು?"

"ಬಾಯಿಲೆ ಕೊಟ್ಟಿಲ್ಲಪ್ಪಾ."

ಅವನು ಕೈ ಒರೆಸಿಕೊಂಡು ಬಂದು ಕಂಬಳಿಯ ಚುಂಗನ್ನು ನನ್ನ ಕೈಯ ಮೇಲೆ ಹಾಕಿದ. ಒಂದು ಬೆರಳನ್ನು ಅವನ ಕೈಗೆ ಕೊಟ್ಟೆ. ಅವನು ಒಳ್ಳೆಯದೆಂದೂ ಅನ್ನಲಿಲ್ಲ, ಕೆಟ್ಟದ್ದೆಂದೂ ಅನ್ನಲಿಲ್ಲ. ಆಗ ನಾನು ಖಾಸಿಂಸಾಬರು ಮಾಡಿದಂತೆಯೇ ಅವನ ಮಣಿಕಟ್ಟನ್ನು ಎರಡು ಬೆರಳಿನಿಂದ ಒತ್ತಿ, ನನ್ನ ಅಂಗೈ ಬಿಚ್ಚಿಟ್ಟು, "ಇದರ ಅರ್ಥ ಏನಪ್ಪಾ?" ಎಂದೆ. ಅಪ್ಪ ಕೈ ಎಳೆದುಕೊಂಡ. "ಅದನ್ನ ನನ್ನ ಕೇಳಬ್ಯಾಡ" ಎಂದು ಮರಿಗಳ ಕಡೆ ಹೋದ.

ಇದನ್ನು ಸುರಪುರದಲ್ಲಿ ಕುಳಿತು ಬರೆಯುತ್ತಿದ್ದೇನೆ. ಸಂತೆಯ ಒಳಗುಟ್ಟನ್ನು ಅಚ್ಚಿಗೆ ಕೊಡುವುದು ಸರಿಯಲ್ಲ ಎನ್ನುವವರಿದ್ದಾರೆ. ಖಾಸಿಂಸಾಬರಿಗೆ ಕನ್ನಡ ಓದಲು ಬರುವುದಿಲ್ಲವೆಂಬ ಧೈರ್ಯ ನನ್ನದು. ಎರಡು ಕೈಗಳ ನಡುವಿನ ಲೆಕ್ಕ ಇನ್ನೂ ನನಗೆ ಪೂರ್ತಿ ತಿಳಿದಿಲ್ಲ. ಆದರೆ ಈಗ ಕೇಳುವುದು ಅದನ್ನಲ್ಲ. ಮಣಿಕಟ್ಟು ಒತ್ತಿ ಅಂಗೈ ಬಿಚ್ಚಿಡುವ ಗುರುತಿಗೆ, 'ಎಷ್ಟು ವರ್ಷ ಇರುತ್ತಿ?' ಎಂಬ ಅರ್ಥ ಎನ್ನುತ್ತಾನೆ ಯಂಕಪ್ಪ. 'ನಾನು ಏನೂ ಕೇಳುವುದಿಲ್ಲ, ನೀನೇ ಹೇಳು' ಎಂಬ ಅರ್ಥ ಎನ್ನುತ್ತಾರೆ ಸೇಠ್. ಅದಕ್ಕೆ ಅರ್ಥವೇ ಇಲ್ಲ, ದಿನವೆಲ್ಲ ಹಿಡಿದು ಕೈ ಸೋತಿತ್ತು, ಅಷ್ಟೇ ಎನ್ನುತ್ತಾರೆ ಖಾಸಿಂಸಾಬರು. ಅಪ್ಪನಿಗೆ ಗೊತ್ತಿದೆ, ಹೇಳುವುದಿಲ್ಲ. ಕಲಬುರಗಿ, ರಾಯಚೂರು, ಬೀದರ ಕಡೆಯ ಸಂತೆಗಳಲ್ಲಿ ಈ ಗುರುತನ್ನು ಕಂಡವರು, ಅಥವಾ ಮನೆಯ ಹಿರಿಯರಿಂದ ಕೇಳಿದವರು ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಅದು ಪ್ರಶ್ನೆಯೋ ಅಲ್ಲವೋ ತಿಳಿದರೆ, ನಾನು ಇಲ್ಲಿಗೆ ಖಾಸಿಂಸಾಬರು ಕರೆದು ಬಂದೆನೋ, ನಾನಾಗಿಯೇ ಬಂದೆನೋ ಎಂಬುದಾದರೂ ತಿಳಿಯುತ್ತದೆ.